ಗಾಲಿಯ ಗೀರೂ ಕಡಲ ಉಪ್ಪೂ

ವಿಶಾಖಪಟ್ಟಣದಿಂದ ಭೀಮುನಿಪಟ್ಟಣದತ್ತ ಸಾಗುವ ಕಡಲತಡಿಯ ರಸ್ತೆಯಲ್ಲಿ ಋಷಿಕೊಂಡವಿದೆ. ಯಜಮಾನರ ಕಾರನ್ನು ಅಲ್ಲಿ ನಿಲ್ಲಿಸುವಾಗ ಗಾಲಿಯು ಅಂಚುಗಲ್ಲಿಗೆ ಉಜ್ಜಿತೆಂದರೆ ನಮ್ಮವರ ಎದೆ ಝಲ್ಲೆನ್ನುವುದು ಸಹಜ. ಸಂಬಳದ ಚಿಂತೆಯೇ ಮೊದಲು. ಆದರೆ ಗೀರೆಲ್ಲವೂ ಒಂದೇ ಬಗೆಯದಲ್ಲವೆಂಬುದನ್ನು ನಾವು ಅರಿಯಬೇಕು.

ಹೊಳಪಿನ ಈ ಗಾಲಿಗಳು ಬಹುಮಟ್ಟಿಗೆ ಅಲ್ಯೂಮಿನಿಯಂ ಮಿಶ್ರಲೋಹದವು. ಮೇಲಿನ ಪಾರದರ್ಶಕ ಲೇಪ ಹರಿದರೆ ಕಡಲಗಾಳಿಯ ಉಪ್ಪು ಒಳಹೊಕ್ಕು ಲೋಹವನ್ನು ತಿನ್ನುತ್ತದೆ; ಬಿಳಿಯ ಹುಡಿ ಕಾಣಿಸಿ ಲೇಪವು ಗುಳ್ಳೆಯೇಳುತ್ತದೆ. ಆದುದರಿಂದ ಮೊದಲು ಸಿಹಿನೀರಿನಿಂದ ತೊಳೆದು ಒಣಗಿಸಬೇಕು. ಬಳಿಕ ಒರಟು ಉಪ್ಪುಕಾಗದದಿಂದ ತೊಡಗಿ ನಯವಾದುದರವರೆಗೆ ಉಜ್ಜಿ, ಕುಳಿಗೆ ಪುಟ್ಟಿ ತುಂಬಿ, ಪ್ರೈಮರ್, ಬಣ್ಣ, ಲ್ಯಾಕರ್‌ಗಳನ್ನು ಇದೇ ಕ್ರಮದಲ್ಲಿ ತೆಳುವಾಗಿ ಸಿಂಪಡಿಸಬೇಕು.

ಬೆಳ್ಳಿಬಣ್ಣವನ್ನು ಹೊಂದಿಸುವುದೇ ಕಠಿನ. ಅದರೊಳಗಿನ ಲೋಹದ ಕಣಗಳು ಕುಳಿತ ರೀತಿಗೆ ತಕ್ಕಂತೆ ಹೊಳಪು ಬೇರೆಯಾಗುತ್ತದೆ. ರಟ್ಟಿನ ತುಂಡಿನ ಮೇಲೆ ಸಿಂಪಡಿಸಿ, ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ಹೋಲಿಸಿ ನೋಡುವುದು ಲೇಸು. ಯಂತ್ರದಲ್ಲಿ ಕಡೆದ ಮುಖಕ್ಕೆ ಕೈಕೆಲಸ ಸಾಲದು, ಲೇತಿನಲ್ಲಿಯೇ ಕಡೆಯಿಸಬೇಕು. ಪ್ರತಿ ಸಲವೂ ಲೋಹ ತೆಳುವಾಗುವುದರಿಂದ ಅದನ್ನೂ ಹಲವು ಬಾರಿ ಮಾಡಿಸಲಾಗದು.

ಬಿರುಕನ್ನು ಬಣ್ಣದಿಂದ ಮುಚ್ಚುವುದು ಮಾತ್ರ ಪ್ರಾಣಕ್ಕೆ ಸಂಚಕಾರ. ಗೀರನ್ನು ತಿದ್ದೋಣ, ಬಿರುಕನ್ನು ಅಂಜದೆ ಯಜಮಾನರಿಗೆ ತಿಳಿಸೋಣ.