ಕಾಲೇಜಿನ ನೋಟೀಸ್ ಬೋರ್ಡು, ಸಂಘದ ಡೊಳ್ಳು



ಮಳೆ ಹಿಡಿಯಿತೆಂದರೆ ಮುಂಬಯಿಯ ಕಾಲೇಜುಗಳಲ್ಲಿ ಎರಡು ಕೆಲಸ ಒಟ್ಟೊಟ್ಟಿಗೆ ಶುರುವಾಗುತ್ತವೆ. ಒಂದು, ಅಡ್ಮಿಷನ್ ಲಿಸ್ಟಿನ ಗಡಿಬಿಡಿ. ಇನ್ನೊಂದು, ಕಲ್ಚರಲ್ ಆಡಿಷನ್ನಿನ ನೋಟೀಸು. ಮೊದಲನೆಯದಕ್ಕಾಗಿ ಇಡೀ ಮನೆ ನಿದ್ದೆಗೆಡುತ್ತದೆ. ಎರಡನೆಯದು ಮನೆಗೆ ಗೊತ್ತಾಗುವುದು ಮಗಳು ರಾತ್ರಿ ಒಂಬತ್ತೂವರೆಯ ಲೋಕಲ್‌ನಲ್ಲಿ ಬಂದು, "ಪ್ರಾಕ್ಟೀಸ್ ಇತ್ತಮ್ಮ" ಅಂದಾಗಲೇ. ಏನು ಪ್ರಾಕ್ಟೀಸು, ಯಾವುದಕ್ಕೆ, ಅದರಿಂದ ಏನು ಸಿಗುತ್ತದೆ ಎಂದು ಕೇಳುವಷ್ಟರಲ್ಲಿ ಅವಳು ಊಟ ಮುಗಿಸಿ ಮಲಗಿಯಾಗಿರುತ್ತದೆ. ಈ ಸಂಚಿಕೆಯಲ್ಲಿ ಆ ಪ್ರಶ್ನೆಗಳಿಗೇ ಉತ್ತರ ಕೊಡೋಣ. ಅದರ ಜೊತೆಗೆ, ನಮ್ಮ ಕನ್ನಡಕ್ಕೆ ಆ ಸ್ಟೇಜಿನಲ್ಲಿ ಎಲ್ಲಿ ಜಾಗ ಇದೆ ಅನ್ನುವುದನ್ನೂ ನೋಡೋಣ. ಜಾಗ ಇದೆ. ನಾವು ಅದನ್ನು ಹೆಚ್ಚಾಗಿ ಖಾಲಿ ಬಿಡುತ್ತಿದ್ದೇವೆ, ಅಷ್ಟೆ.

ನಾವೆಲ್ಲ 'ಕಾಲೇಜ್ ಫೆಸ್ಟ್' ಎಂದು ಒಂದೇ ಹೆಸರಿನಲ್ಲಿ ಕರೆಯುವುದು ನಿಜದಲ್ಲಿ ಎರಡು ಬೇರೆ ಬೇರೆ ಸಂಗತಿ.

ಮೊದಲನೆಯದು ಕಾಲೇಜು ತಾನೇ ನಡೆಸುವ ಉತ್ಸವ. ಧೋಬಿ ತಲಾವ್ ಹತ್ತಿರದ ಸೇಂಟ್ ಝೇವಿಯರ್ಸ್ ಕಾಲೇಜಿನ 'ಮಲ್ಹಾರ್' 1979ರಲ್ಲಿ ಶುರುವಾಯಿತು, ಅದು ಆಗಸ್ಟ್ ತಿಂಗಳಿನದು. ಪೊವಾಯಿಯ ಐಐಟಿಯ 'ಮೂಡ್ ಇಂಡಿಗೊ' ಅದಕ್ಕಿಂತ ಹಳೆಯದು, 1971ರಿಂದ ನಡೆದುಬಂದಿದೆ, ಡಿಸೆಂಬರಿನಲ್ಲಿ. ಚೆನ್ನೈ ಕೇಳುಗರಿಗೆ ಐಐಟಿ ಮದ್ರಾಸಿನ 'ಸಾರಂಗ್' ಗೊತ್ತೇ ಇದೆ. ಹಿಂದೆ ಅದನ್ನು 'ಮಾರ್ಡಿ ಗ್ರಾಸ್' ಎನ್ನುತ್ತಿದ್ದರು. ಮುಂಬಯಿಯ ಕಾಲೇಜು ಉತ್ಸವಗಳಲ್ಲಿ ಪ್ರತಿ ಕಾಲೇಜಿನಿಂದ ಒಂದು 'ಕಂಟಿಂಜೆಂಟ್' ಹೋಗುತ್ತದೆ, ಅದಕ್ಕೊಬ್ಬ ಸಿ.ಎಲ್. ಇರುತ್ತಾನೆ, ಅಂದರೆ ಕಂಟಿಂಜೆಂಟ್ ಲೀಡರ್. ಗೆದ್ದ ಪಾಯಿಂಟುಗಳ ಲೆಕ್ಕ ಇಡುವವನೂ ಅವನೇ, ಕೊನೆಯ ಲೋಕಲ್ ತಪ್ಪಿದವರ ಮನೆಗೆ ಫೋನ್ ಮಾಡುವವನೂ ಅವನೇ. ಇಂಥ ಉತ್ಸವದ ಖರ್ಚು ಬಹುಪಾಲು ಸ್ಪಾನ್ಸರುಗಳದು. ಅವರ ಬಾಗಿಲು ತಟ್ಟುವವರು ಹದಿನೆಂಟು ಹತ್ತೊಂಬತ್ತರ ಹುಡುಗ ಹುಡುಗಿಯರು. ಅಪರಿಚಿತ ಆಫೀಸಿನಲ್ಲಿ ಕೂತು ದುಡ್ಡು ಕೇಳುವುದನ್ನು ಕಲಿಸುವ ಪಾಠಪುಸ್ತಕ ಇಲ್ಲವಾದ್ದರಿಂದ, ಅದನ್ನು ದಂಡದ ಕೆಲಸ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಇಲ್ಲಿನ ಮಾತು ಇಂಗ್ಲಿಷು, ಹಾಡು ಹಿಂದಿ. ಕನ್ನಡ ಇಲ್ಲಿ ಬಂದರೆ ಅಪರೂಪದ ಅತಿಥಿಯಾಗಿ ಬರಬೇಕು.

ಎರಡನೆಯದು ಯುವಜನೋತ್ಸವ, ಅಂದರೆ ವಿಶ್ವವಿದ್ಯಾಲಯವೇ ನಡೆಸುವ ಯೂತ್ ಫೆಸ್ಟಿವಲ್. ಇದಕ್ಕೆ ಜಾಹೀರಾತಿಲ್ಲ, ಫಿಲ್ಮ್ ಸ್ಟಾರ್ ಬರುವುದಿಲ್ಲ, ಆದ್ದರಿಂದ ಮನೆಮಂದಿಗೆ ಇದರ ಸುದ್ದಿಯೇ ತಲುಪುವುದಿಲ್ಲ. ಅಂತರ ವಿಶ್ವವಿದ್ಯಾಲಯ ಯುವಜನೋತ್ಸವ ಮೊದಲು ನಡೆದದ್ದು 1954ರಲ್ಲಿ, ದೆಹಲಿಯಲ್ಲಿ. ನಡುವೆ ನಿಂತುಹೋಗಿದ್ದನ್ನು ಎಂಬತ್ತರ ದಶಕದಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಮತ್ತೆ ಶುರುಮಾಡಿತು. ಈಗಿನ ವ್ಯವಸ್ಥೆ ಮೆಟ್ಟಿಲು ಮೆಟ್ಟಿಲಾಗಿದೆ. ಕಾಲೇಜಿನಲ್ಲಿ ಆಯ್ಕೆ, ಆಮೇಲೆ ಆಯಾ ಭಾಗದ ಕಾಲೇಜುಗಳ ನಡುವೆ ಝೋನಲ್ ಸುತ್ತು, ಆಮೇಲೆ ವಿಶ್ವವಿದ್ಯಾಲಯದ ಫೈನಲ್. ಅಲ್ಲಿ ಗೆದ್ದವರು ವಿಶ್ವವಿದ್ಯಾಲಯದ ತಂಡವಾಗಿ ಹೊರರಾಜ್ಯಕ್ಕೆ ಹೋಗುತ್ತಾರೆ. ಮುಂಬಯಿ ವಿಶ್ವವಿದ್ಯಾಲಯದ ವ್ಯಾಪ್ತಿ ದಕ್ಷಿಣಕ್ಕೆ ಸಿಂಧುದುರ್ಗದವರೆಗೂ ಇದೆ. ಹಾಗಾಗಿ ಮಾಟುಂಗದ ಹುಡುಗಿಗೆ ಪೈಪೋಟಿ ಕೊಡುವವರು ವಿಲೆಪಾರ್ಲೆಯವರು ಮಾತ್ರವಲ್ಲ, ರತ್ನಾಗಿರಿಯ ಹುಡುಗರೂ ಹೌದು. ಜಾನಪದದಲ್ಲಿ ಆ ಕೊಂಕಣದ ಹುಡುಗರನ್ನು ಹಗುರವಾಗಿ ಎಣಿಸಬೇಡಿ!

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇಲ್ಲೇ ಹಲವರು ಎಡವುವುದು. ಮುಂಬಯಿಯಲ್ಲಿ ಹನ್ನೊಂದು, ಹನ್ನೆರಡನೆಯ ತರಗತಿಯ ಜೂನಿಯರ್ ಕಾಲೇಜೂ ಡಿಗ್ರಿ ಕಾಲೇಜೂ ಒಂದೇ ಕಟ್ಟಡದಲ್ಲಿರುವುದು ವಾಡಿಕೆ. ಆದರೆ ಜೂನಿಯರ್ ಕಾಲೇಜು ವಿಶ್ವವಿದ್ಯಾಲಯಕ್ಕೆ ಸೇರಿದ್ದಲ್ಲ. ಹನ್ನೊಂದನೆಯ ತರಗತಿಯ ಮಗ ಎಷ್ಟೇ ಚೆನ್ನಾಗಿ ಹಾಡಲಿ, ಯುವಜನೋತ್ಸವದ ತಂಡಕ್ಕೆ ಅವನನ್ನು ಸೇರಿಸುವಂತಿಲ್ಲ. ಅವನಿಗೆ ಕಾಲೇಜಿನ ಸ್ವಂತ ಉತ್ಸವಗಳು, ಸಂಘಗಳ ಸ್ಪರ್ಧೆಗಳು ಇವೆ. ಮೇಲ್ಮಟ್ಟದ ಉತ್ಸವಕ್ಕೆ ವಯಸ್ಸಿನ ಮಿತಿಯೂ ಉಂಟು, 25 ದಾಟಿರಬಾರದು.

ಈಗ ಕನ್ನಡದ ಜಾಗಕ್ಕೆ ಬರೋಣ. ಉತ್ಸವದಲ್ಲಿ ಐದು ವಿಭಾಗ: ಸಂಗೀತ, ನೃತ್ಯ, ಸಾಹಿತ್ಯ, ರಂಗಭೂಮಿ, ಲಲಿತಕಲೆ. ಸಾಹಿತ್ಯ ಎಂದ ಕೂಡಲೇ ಕನ್ನಡಕ್ಕೆ ಅಲ್ಲೇ ಸ್ಥಾನ ಎಂದು ತೋರುತ್ತದಲ್ಲವೆ? ಹಾಗಿಲ್ಲ. ರಾಷ್ಟ್ರಮಟ್ಟದಲ್ಲಿ ಭಾಷಣ, ಚರ್ಚೆಗಳು ಹಿಂದಿ ಅಥವಾ ಇಂಗ್ಲಿಷಿನಲ್ಲೇ ಆಗಬೇಕು. ಬಾಗಿಲು ತೆರೆದಿರುವುದು ಬೇರೆ ಕಡೆ. ಸಮೂಹಗಾಯನವನ್ನು ಭಾರತದ ಯಾವುದೇ ಭಾಷೆಯಲ್ಲಿ ಹಾಡಬಹುದು, ಸಿನಿಮಾ ಹಾಡು ಮಾತ್ರ ಕೂಡದು. ಹಾಡುವವರು ಆರು ಮಂದಿ, ಸಮಯ ಹತ್ತು ನಿಮಿಷ. ಏಕಾಂಕ ನಾಟಕವನ್ನು ಪ್ರಾದೇಶಿಕ ಭಾಷೆಯಲ್ಲಿ ಆಡಬಹುದು, ಕಥಾಸಾರವನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆದುಕೊಡಬೇಕು, ಮೂವತ್ತು ನಿಮಿಷದಲ್ಲಿ ಪರದೆ ಬೀಳಬೇಕು. ಮೂಕಾಭಿನಯಕ್ಕೂ ರಂಗೋಲಿಗೂ ಭಾಷೆಯ ಹಂಗೇ ಇಲ್ಲ. ಎಲ್ಲಕ್ಕಿಂತ ದೊಡ್ಡ ಬಾಗಿಲು ಜಾನಪದ ನೃತ್ಯ. ಹತ್ತು ಮಂದಿ, ಹತ್ತು ನಿಮಿಷ. ಇವು ಮೇಲ್ಮಟ್ಟದ ನಿಯಮಗಳು. ನಿಮ್ಮ ವಿಶ್ವವಿದ್ಯಾಲಯದ ಕೆಳಸುತ್ತಿನಲ್ಲಿ ಭಾಷೆಯ ಕಟ್ಟಳೆ ಬೇರೆ ಇರಬಹುದು, ಆ ವರ್ಷದ ಸರ್ಕ್ಯುಲರ್ ಓದಿಯೇ ಹೆಸರು ಕೊಡಿ.

ಜಾನಪದ ನೃತ್ಯ ಅಂದಾಗ ಇಲ್ಲಿನ ತಂಡಗಳಿಗೆ ತಟ್ಟನೆ ನೆನಪಾಗುವುದು ಲಾವಣಿ, ಕೋಳಿ ನೃತ್ಯ, ಗರ್ಬಾ. ಒಂದೇ ದಿನ ಮೂರು ಕೋಳಿ ನೃತ್ಯ ನೋಡಿದ ತೀರ್ಪುಗಾರರ ಮುಂದೆ ಹತ್ತು ಡೊಳ್ಳುಗಳು ಒಮ್ಮೆಗೇ ಗುಡುಗಿದರೆ ಏನಾಗಬಹುದು, ನೀವೇ ಊಹಿಸಿ. ಡೊಳ್ಳು ಕುಣಿತ ಕುರುಬ ಸಮುದಾಯದವರು ಬೀರೇಶ್ವರನ ಸೇವೆಯಲ್ಲಿ ಬೆಳೆಸಿಕೊಂಡು ಬಂದ ಕಲೆ. ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಗೈ, ಡೊಳ್ಳಿನ ಭಾರ ಸೊಂಟದ ಮೇಲೆ. ಮೊದಲ ವಾರ ಹುಡುಗರು ಸೊಂಟ ಹಿಡಿದುಕೊಂಡೇ ಮನೆಗೆ ಬರುತ್ತಾರೆ. ಕಂಸಾಳೆಗೆ ಇಷ್ಟು ಭಾರ ಇಲ್ಲ. ಮಲೆ ಮಹದೇಶ್ವರನ ಒಕ್ಕಲಿನವರ ಈ ಕುಣಿತದಲ್ಲಿ ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಇನ್ನೊಂದು ತಾಳ. ಅದನ್ನು ಬೀಸಿ ಗುರಿಯಿಟ್ಟು ಬಡಿಯಬೇಕು. ಭಾರ ಕಡಿಮೆಯಾದರೂ ಗುರಿ ತಪ್ಪಿದರೆ ಪಕ್ಕದವನ ಹಣೆಗೆ ಬೀಳುವ ವಿದ್ಯೆ ಇದು, ಒಂದು ತಿಂಗಳಾದರೂ ಬೇಕು. ತುಳುನಾಡಿನ ಮನೆಗಳ ಮಕ್ಕಳು ಕಂಗೀಲು, ಆಟಿ ಕಳೆಂಜವನ್ನು ಯೋಚಿಸಬಹುದು. ಆಗಸ್ಟಿನ ಹೊತ್ತಿಗೆ ಹೇಗೂ ಆಟಿ ತಿಂಗಳೇ ನಡೆಯುತ್ತಿರುತ್ತದೆ. 2022ರ 'ಕಾಂತಾರ' ಸಿನಿಮಾದ ನಂತರ ಹುಡುಗರಿಗೆ ಭೂತಕೋಲದ ಮೇಲೇ ಕಣ್ಣು. ಅದನ್ನು ಬಿಟ್ಟುಬಿಡುವುದು ಲೇಸು. ಅದು ಆರಾಧನೆ, ಸ್ಟೇಜಿನ ಮೇಲೆ ಅನುಕರಿಸುವುದನ್ನು ನಂಬುವ ಜನರೇ ಆಕ್ಷೇಪಿಸಿದ್ದಾರೆ. ಇನ್ನು ಯಕ್ಷಗಾನ. ಮುಂಬಯಿಯಲ್ಲಿ ಅದನ್ನು ಕಲಿತ ಮಕ್ಕಳಿಗೇನೂ ಕೊರತೆಯಿಲ್ಲ, ಆದರೆ ಹತ್ತು ನಿಮಿಷದಲ್ಲಿ ಒಡ್ಡೋಲಗ ಮುಗಿಯುವುದರೊಳಗೆ ಗಂಟೆ ಬಾರಿಸಿಬಿಡುತ್ತಾರೆ!

ನೃತ್ಯದ ಜೊತೆ ಒಂದು ಕಾಗದವನ್ನೂ ಕೊಡಬೇಕು. ವಸ್ತು ಏನು, ಹಾಡಿದ್ದರೆ ಅದರ ಸಾಹಿತ್ಯ ಏನು ಎಂಬ ಚಿಕ್ಕ ಟಿಪ್ಪಣಿ. ಇದನ್ನು ಬಹಳ ತಂಡಗಳು ಬಸ್ಸಿನಲ್ಲಿ ಕೂತು ಬರೆಯುತ್ತವೆ. 'ಇದು ಕರ್ನಾಟಕದ ಪ್ರಸಿದ್ಧ ಜಾನಪದ ನೃತ್ಯ' ಎಂದು ಬರೆದರೆ ಏನನ್ನೂ ಹೇಳಿದಂತಾಗಲಿಲ್ಲ. ಕನ್ನಡ ಬಾರದ ತೀರ್ಪುಗಾರರಿಗೆ ಆ ಕಾಗದವೇ ಕಿವಿ. ಕುಣಿಯುವವರು ಯಾರು, ಯಾವ ಕಾಲದಲ್ಲಿ, ಯಾವ ದೇವರ ಎದುರು, ಕೈಯಲ್ಲಿರುವ ವಾದ್ಯ ಯಾವುದು, ಮೊದಲ ಸಾಲಿನ ಅರ್ಥವೇನು: ಇಷ್ಟನ್ನು ಅರ್ಧ ಪುಟದಲ್ಲಿ ಬರೆದುಕೊಟ್ಟರೆ ಸಾಕು. ಈ ಅರ್ಧ ಪುಟಕ್ಕೆ ಮನೆಯ ಹಿರಿಯರ ನೆರವು ಬೇಕಾಗುತ್ತದೆ. ಕಲೀನಾ ಕ್ಯಾಂಪಸ್ಸಿನಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವೇ ಇದೆ. ಅಲ್ಲಿ ಹೋಗಿ ಕೇಳುವುದಕ್ಕೂ ಸಂಕೋಚಪಡಬೇಕಾಗಿಲ್ಲ.

ಹಾಡಿನ ತಂಡದವರಿಗೆ ಬೇರೊಂದು ಎಚ್ಚರಿಕೆ. ನಮ್ಮ ಮಕ್ಕಳಲ್ಲಿ ಅನೇಕರಿಗೆ ಮಾತು ಬರುತ್ತದೆ, ಓದು ಬರುವುದಿಲ್ಲ. ಹಾಡನ್ನು ದೇವನಾಗರಿಯಲ್ಲಿ ಬರೆದುಕೊಳ್ಳುತ್ತಾರೆ. ಮರಾಠಿಯಲ್ಲಿ ಳಕಾರ ಇರುವುದರಿಂದ ಆ ಮಟ್ಟಿಗೆ ಬಚಾವು. ಆದರೆ ಹ್ರಸ್ವ ಎಕಾರ, ಒಕಾರಗಳಿಗೆ ಅಲ್ಲಿ ಬೇರೆ ಗುರುತಿಲ್ಲ. ಹೊಲದ ಬೆಳೆಯೂ ಸಾರಿನ ಬೇಳೆಯೂ ಕಾಗದದ ಮೇಲೆ ಒಂದೇ ಆಗಿಬಿಡುತ್ತವೆ! ಚೆನ್ನೈಯ ಮಕ್ಕಳಿಗೆ ಈ ತೊಂದರೆ ಇಲ್ಲ, ತಮಿಳಿನಲ್ಲಿ ಹ್ರಸ್ವ ದೀರ್ಘ ಎರಡೂ ಇವೆ. ಅವರ ಕಷ್ಟ ಕಕಾರ ಗಕಾರಗಳದು. ಬೀಸುವ ಗಾಳಿಯನ್ನು ಬರೆದರೆ ಕಾಳಿ ಎಂದೂ ಓದಬಹುದು. ಹೈದರಾಬಾದಿನವರು ಮಾತ್ರ ಅದೃಷ್ಟವಂತರು, ತೆಲುಗು ಲಿಪಿಯಲ್ಲಿ ಕನ್ನಡದ ಹಾಡು ಸಲೀಸಾಗಿ ಕೂರುತ್ತದೆ. ದೇವನಾಗರಿಯಲ್ಲಿ ಬರೆಯುವವರು ಹ್ರಸ್ವ ಬರುವ ಕಡೆಯೆಲ್ಲ ಅಕ್ಷರದ ಕೆಳಗೆ ಒಂದು ಚುಕ್ಕಿ ಇಟ್ಟುಕೊಳ್ಳಿ. ಇಷ್ಟು ಮಾಡಿದರೆ ಅರ್ಧ ತಪ್ಪು ಕಡಿಮೆ. ತೀರ್ಪುಗಾರರಿಗೆ ತಪ್ಪು ತಿಳಿಯದೆ ಹೋದೀತು, ಮೂರನೆಯ ಸಾಲಿನಲ್ಲಿ ಕೂತ ಅಜ್ಜಿಗೆ ತಿಳಿಯದೆ ಇರುತ್ತದೆಯೇ?

ಪುಣೆಯ ಕೇಳುಗರು, "ನಮ್ಮ ಊರಿನ ಪುರುಷೋತ್ತಮ ಕರಂಡಕವನ್ನು ಬಿಟ್ಟಿರಲ್ಲ" ಎಂದು ಕೇಳಬಹುದು. ಬಿಡುವುದುಂಟೆ? ಮಹಾರಾಷ್ಟ್ರೀಯ ಕಲೋಪಾಸಕ ಸಂಸ್ಥೆ 1963ರಿಂದ ನಡೆಸುತ್ತಿರುವ ಕಾಲೇಜು ಏಕಾಂಕ ಸ್ಪರ್ಧೆ ಅದು. ಭರತ ನಾಟ್ಯ ಮಂದಿರದಲ್ಲಿ ನಡೆಯುವ ಆ ಗದ್ದಲ, ಕಾಲೇಜು ಕಾಲೇಜಿನ ಕೂಗು, ಅದನ್ನು ಒಮ್ಮೆಯಾದರೂ ನೋಡಬೇಕು. ಶಿಸ್ತೂ ಅಷ್ಟೇ ಬಿಗಿ. 2022ರಲ್ಲಿ ಯಾವ ನಾಟಕವೂ ಆ ಮಟ್ಟಕ್ಕೆ ಬಂದಿಲ್ಲವೆಂದು ತೀರ್ಪುಗಾರರು ಕರಂಡಕವನ್ನು ಯಾರಿಗೂ ಕೊಡಲಿಲ್ಲ! ಇದು ಮರಾಠಿ ನಾಟಕದ ಸ್ಪರ್ಧೆ. ನಮ್ಮ ಮಕ್ಕಳು ಅಲ್ಲಿ ಮರಾಠಿಯಲ್ಲೇ ಆಡಬೇಕು, ಆಡಲಿ. ಇರುವ ಊರಿನ ಭಾಷೆಯಲ್ಲಿ ಸ್ಟೇಜ್ ಹತ್ತುವುದರಿಂದ ಮನೆಯ ಭಾಷೆ ಕಡಿಮೆಯಾಗುವುದಿಲ್ಲ.

ಕಡಿಮೆಯಾಗುತ್ತಿರುವುದು ಬೇರೆ ಕಾರಣದಿಂದ. ಮಹಾನಗರಗಳಲ್ಲಿ ನಮ್ಮವರು ಕಟ್ಟಿದ ಸಂಸ್ಥೆಗಳೇನು ಕಡಿಮೆಯೇ? ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದು. ಮಾಹಿಮ್‌ನ ಕರ್ನಾಟಕ ಸಂಘಕ್ಕೆ ವಿಶ್ವೇಶ್ವರಯ್ಯನವರ ಹೆಸರಿನ ಸಭಾಗೃಹ ಇದೆ. ಹೈದರಾಬಾದಿನ ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ, ದೆಹಲಿಯಲ್ಲಿ ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘ. ಕಾಲೇಜು ನಡೆಸುವವರೂ ಇದ್ದಾರೆ, ಮುಂಬಯಿಯಲ್ಲಿ ಬಂಟರ ಸಂಘ, ಪುಣೆಯಲ್ಲಿ ಕಾವೇರಿ ಕಾಲೇಜು ನಡೆಸುವ ಕನ್ನಡ ಸಂಘ. ಎಷ್ಟೋ ಸಂಘಗಳ ಅಟ್ಟದಲ್ಲಿ ರಾಜ್ಯೋತ್ಸವಕ್ಕೆಂದು ತರಿಸಿದ ಡೊಳ್ಳು, ತಾಳ, ಕಿರೀಟಗಳು ನವೆಂಬರಿನಿಂದ ನವೆಂಬರಿಗೆ ಧೂಳು ತಿನ್ನುತ್ತ ಕೂತಿರುತ್ತವೆ. ಅದೇ ಹೊತ್ತಿಗೆ ನಾಲ್ಕು ಸ್ಟೇಷನ್ ಆಚೆಯ ಕಾಲೇಜಿನಲ್ಲಿ ಒಂದು ತಂಡ ವಾದ್ಯದ ಬಾಡಿಗೆ ಕೇಳಿ ಹೆದರಿ, "ಬೇಡಪ್ಪ, ಕೋಳಿ ಡಾನ್ಸೇ ಮಾಡೋಣ" ಅನ್ನುತ್ತದೆ. ಸಂಘಕ್ಕೆ ಯುವಕರು ಬರುವುದಿಲ್ಲ ಎಂಬ ಅಳಲು ಪ್ರತಿ ವಾರ್ಷಿಕ ಸಭೆಯಲ್ಲಿ ಕೇಳಿಬರುತ್ತದೆ. ಡೊಳ್ಳು ಇರುವ ವಿಷಯ ಅವರಿಗೆ ಹೇಳಿದವರು ಯಾರು?

ವಾದ್ಯ ಕೊಟ್ಟರೆ ಸಾಲದು, ಅಭ್ಯಾಸಕ್ಕೆ ಜಾಗವೂ ಬೇಕು. ಹೌಸಿಂಗ್ ಸೊಸೈಟಿಯ ಟೆರೇಸಿನಲ್ಲಿ ಡೊಳ್ಳು ಬಾರಿಸಿದರೆ ಎರಡನೆಯ ದಿನವೇ ಸೆಕ್ರೆಟರಿಯಿಂದ ನೋಟೀಸು ಬರುತ್ತದೆ. ವಾರದ ದಿನಗಳಲ್ಲಿ ಖಾಲಿ ಇರುವ ಸಂಘದ ಹಾಲ್ ಸಂಜೆ ಎರಡು ಗಂಟೆ ಸಿಕ್ಕರೆ ಸಾಕು. ಮಳೆಗಾಲದ ತೊಂದರೆಯನ್ನೂ ನೆನಪಿಡಿ. ತೇವಕ್ಕೆ ಚರ್ಮ ಸಡಿಲಾಗಿ ಡೊಳ್ಳಿನ ನಾದ ಇಳಿದುಹೋಗುತ್ತದೆ. ಊರಿನಲ್ಲಾದರೆ ಬೆಂಕಿಯ ಹತ್ತಿರ ಹಿಡಿದು ಕಾಯಿಸುತ್ತಾರೆ. ಕಾಲೇಜಿನ ಗ್ರೀನ್ ರೂಮಿನಲ್ಲಿ ಬೆಂಕಿ ಹಾಕುವಂತಿಲ್ಲವಾದ್ದರಿಂದ, ಹಗ್ಗ ಬಿಗಿಯಲು ಬಲ್ಲ ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗುವುದು ಉತ್ತಮ.

ಓದು ಹಾಳಾಗುವುದಿಲ್ಲವೇ ಎಂಬ ಪ್ರಶ್ನೆ ಉಳಿಯಿತು. ಹಾಜರಿ ನೂರಕ್ಕೆ 75 ಬೇಕೆಂಬ ನಿಯಮ ಕಲಾವಿದರಿಗೂ ಇದೆ. ಅಭ್ಯಾಸಕ್ಕಾಗಿ ತಪ್ಪಿದ ಕ್ಲಾಸಿನ ಬಗ್ಗೆ ಕಲ್ಚರಲ್ ವಿಭಾಗದ ಅಧ್ಯಾಪಕರಿಂದ ಆಗಿಂದಾಗಲೇ ಬರೆಸಿಟ್ಟುಕೊಳ್ಳಬೇಕು, ಪರೀಕ್ಷೆಯ ಹೊತ್ತಿಗೆ ಓಡಾಡಿದರೆ ಆಗುವುದಿಲ್ಲ. ಮಹಾರಾಷ್ಟ್ರದಲ್ಲಿ ಹೊಸ ಶಿಕ್ಷಣ ನೀತಿಯ ಪದವಿ ರಚನೆ ಬಂದ ಮೇಲೆ ಎನ್ನೆಸ್ಸೆಸ್, ಎನ್‌ಸಿಸಿ, ಕ್ರೀಡೆಗಳ ಸಾಲಿನಲ್ಲಿ ಸಾಂಸ್ಕೃತಿಕ ಚಟುವಟಿಕೆಗೂ ಸಹಪಠ್ಯದ ಕ್ರೆಡಿಟ್ ಉಂಟು. ನಿಮ್ಮ ಮಕ್ಕಳ ಕಾಲೇಜಿನಲ್ಲಿ ಅದರಡಿ ಯಾವ ಯಾವ ಕೋರ್ಸ್ ಇಟ್ಟಿದ್ದಾರೆ ಎಂದು ಅಡ್ಮಿಷನ್ ಸಮಯದಲ್ಲೇ ವಿಚಾರಿಸಿ.

ಝೋನಲ್ ಸುತ್ತುಗಳು ಸಾಮಾನ್ಯವಾಗಿ ಆಗಸ್ಟಿನಲ್ಲಿ ಬರುತ್ತವೆ. ಅಂದರೆ ಕಾಲೇಜಿನ ಆಯ್ಕೆ ಜುಲೈಯಲ್ಲೇ ಮುಗಿದಿರುತ್ತದೆ. ಮಗನೋ ಮಗಳೋ ಈ ವಾರ ಮನೆಗೆ ತಡವಾಗಿ ಬಂದರೆ ಬೈಯುವ ಮುಂಚೆ ಸರ್ಕ್ಯುಲರಿನ ಒಂದು ಪ್ರತಿ ಕೇಳಿ ಓದಿ. ಡೊಳ್ಳು, ಕಂಸಾಳೆ ಇರುವ ಸಂಘದವರು, ಹಾಲ್ ಬಿಟ್ಟುಕೊಡಬಲ್ಲವರು, ಕಲಿಸಬಲ್ಲವರು ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಒಂದು ಸಾಲು ಬರೆದು ತಿಳಿಸಿ. ಯಾವ ಬಡಾವಣೆ, ಯಾವ ದಿನ, ಎಷ್ಟು ಹೊತ್ತಿಗೆ ಎಂದು ಸ್ಪಷ್ಟವಾಗಿ ಬರೆಯಿರಿ. ಹಾಡುಗಳ ನಡುವೆ ಓದಿ ಹೇಳುತ್ತೇವೆ.