ರಿಜಿಸ್ಟ್ರಿ ತಿದ್ದುವ ಮುನ್ನ: ಉಚಿತ ತಂತ್ರಾಂಶದ ಆಯ್ಕೆ ಹೇಗೆ?

ರಾಯಚೂರು: ಗಣಕಯಂತ್ರ ನಿಧಾನವಾಯಿತೆಂದು ಅಂತರ್ಜಾಲದಲ್ಲಿ ಹುಡುಕಿದರೆ ಮೊದಲು ದೊರೆಯುವ ಸಲಹೆಗಳಲ್ಲಿ ‘ರಿಜಿಸ್ಟ್ರಿ ಸ್ವಚ್ಛಗೊಳಿಸಿ’ ಎಂಬುದೂ ಒಂದು. ಅದರ ಬೆನ್ನಿಗೇ ಉಚಿತ ತಂತ್ರಾಂಶಗಳ ದೊಡ್ಡ ಸಾಲು ತೆರೆದುಕೊಳ್ಳುತ್ತದೆ. ರಾಯಚೂರು ನಗರದ ಡಿಟಿಪಿ ಅಂಗಡಿಗಳಿಂದ ಹಿಡಿದು ದೇವದುರ್ಗ, ಮಾನ್ವಿ ಪಟ್ಟಣಗಳ ಆನ್‌ಲೈನ್ ಅರ್ಜಿ ಕೇಂದ್ರಗಳವರೆಗೆ, ಒಂದೆರಡು ಗಣಕಯಂತ್ರಗಳನ್ನೇ ನಂಬಿ ದುಡಿಯುವವರಿಗೆ ಈ ಸಲಹೆ ಆಕರ್ಷಕವಾಗಿ ಕಾಣುವುದು ಸಹಜ. ಹಣ ಕೊಡಬೇಕಾಗಿಲ್ಲ, ಒಂದು ಗುಂಡಿ ಒತ್ತಿದರೆ ಸಾಕು ಎಂಬ ಭರವಸೆ ಬೇರೆ.

ಆದರೆ ಆ ಒಂದು ಗುಂಡಿಯ ಬೆಲೆ ಕೆಲವೊಮ್ಮೆ ದುಬಾರಿಯಾಗುತ್ತದೆ. ಮುದ್ರಕ, ಸ್ಕ್ಯಾನರ್, ಬೆರಳಚ್ಚು ಓದುವ ಸಾಧನ ಇವೆಲ್ಲವುಗಳ ಚಾಲಕ ತಂತ್ರಾಂಶದ ವಿವರ ಇರುವುದು ರಿಜಿಸ್ಟ್ರಿಯಲ್ಲಿಯೇ. ವಿದ್ಯಾರ್ಥಿವೇತನ ಅಥವಾ ಬೆಳೆ ವಿಮೆಯ ಅರ್ಜಿಗೆ ಕೊನೆಯ ದಿನವಾಗಿದ್ದು, ಅಂದೇ ಬೆರಳಚ್ಚು ಸಾಧನ ಕೈಕೊಟ್ಟರೆ ನಷ್ಟ ಕೇಂದ್ರದ ಮಾಲೀಕನೊಬ್ಬನದೇ ಆಗಿರುವುದಿಲ್ಲ. ಹಳ್ಳಿಯಿಂದ ಬಸ್ಸು ಹಿಡಿದು ಬಂದು ಸರದಿಯಲ್ಲಿ ನಿಂತವರದೂ ಆಗುತ್ತದೆ. ಆದ್ದರಿಂದ ಯಾವ ತಂತ್ರಾಂಶವನ್ನು ನಂಬಬೇಕು, ಯಾವುದನ್ನು ದೂರವಿಡಬೇಕು ಎಂಬುದನ್ನು ಮೊದಲೇ ತಿಳಿದಿರುವುದು ಒಳಿತು.

ಗಣಕಯಂತ್ರದ ಪಹಣಿ

ವಿಂಡೋಸ್ ಕಾರ್ಯಾಚರಣ ವ್ಯವಸ್ಥೆಯ ಹಳೆಯ ಆವೃತ್ತಿಗಳಲ್ಲಿ ಪ್ರತಿಯೊಂದು ತಂತ್ರಾಂಶವೂ ತನ್ನ ಆಯ್ಕೆಗಳನ್ನು ‘ಐಎನ್‌ಐ’ ಎಂಬ ಪ್ರತ್ಯೇಕ ಪಠ್ಯ ಕಡತದಲ್ಲಿ ಬರೆದಿಡುತ್ತಿತ್ತು. 1995ರಲ್ಲಿ ಬಂದ ವಿಂಡೋಸ್ 95ರಿಂದ ಈ ವಿವರಗಳೆಲ್ಲ ಒಂದೇ ದತ್ತಸಂಚಯಕ್ಕೆ ಬಂದು ಸೇರತೊಡಗಿದವು. ಅದೇ ರಿಜಿಸ್ಟ್ರಿ. ಯಾವ ಯಂತ್ರಾಂಶ ಜೋಡಣೆಯಾಗಿದೆ, ಯಾವ ಕಡತವನ್ನು ಯಾವ ತಂತ್ರಾಂಶ ತೆರೆಯಬೇಕು, ಗಣಕ ಚಾಲೂ ಆದೊಡನೆ ಏನೇನು ಓಡಬೇಕು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ.

ಅದರ ರಚನೆ ಮರದಂತೆ. ಮೇಲ್ಭಾಗದಲ್ಲಿ ಐದು ಮೂಲ ವಿಭಾಗಗಳು, ಅವುಗಳೊಳಗೆ ‘ಕೀ’ ಎಂದು ಕರೆಯಲಾಗುವ ಕವಲುಗಳು, ಕವಲುಗಳೊಳಗೆ ಮೌಲ್ಯಗಳು. ಇಡೀ ಯಂತ್ರಕ್ಕೆ ಅನ್ವಯಿಸುವ ವಿವರಗಳು ‘ಲೋಕಲ್ ಮಷೀನ್’ ವಿಭಾಗದಲ್ಲಿಯೂ, ಬಳಕೆದಾರನ ವೈಯಕ್ತಿಕ ಆಯ್ಕೆಗಳು ‘ಕರೆಂಟ್ ಯೂಸರ್’ ವಿಭಾಗದಲ್ಲಿಯೂ ಇರುತ್ತವೆ.

ಈ ಭಾಗದ ಜನರಿಗೆ ಪಹಣಿಯ ಮಹತ್ವವನ್ನು ವಿವರಿಸಬೇಕಾಗಿಲ್ಲ. ಸರ್ವೆ ನಂಬರಿನ ಒಂದು ಅಂಕಿ ತಪ್ಪಿದರೂ ಸಾಲ, ಪರಿಹಾರ, ನೋಂದಣಿ ಎಲ್ಲವೂ ಅಡ್ಡದಾರಿ ಹಿಡಿಯುತ್ತವೆ. ರಿಜಿಸ್ಟ್ರಿಯೂ ಅಂಥದೇ. ಒಂದು ಮೌಲ್ಯ ತಪ್ಪಾದರೆ ಒಂದು ಸಾಧನ ನಿಲ್ಲಬಹುದು. ಮುಖ್ಯ ಕವಲೇ ಅಳಿಸಿಹೋದರೆ ಗಣಕಯಂತ್ರ ಏಳದೆಯೇ ಇರಬಹುದು.

‘ಸ್ವಚ್ಛತೆ’ಯಿಂದ ವೇಗ ಹೆಚ್ಚೀತೆ?

ತೆಗೆದುಹಾಕಿದ ತಂತ್ರಾಂಶಗಳ ಕೆಲವು ಕುರುಹುಗಳು ರಿಜಿಸ್ಟ್ರಿಯಲ್ಲಿ ಉಳಿಯುವುದು ನಿಜ. ಅವುಗಳಿಂದಲೇ ಗಣಕ ನಿಧಾನವಾಗುತ್ತದೆ ಎಂಬ ಮಾತಿಗೆ ಮಾತ್ರ ಆಧಾರವಿಲ್ಲ. ವಿಂಡೋಸ್ ಒಂದು ಮೌಲ್ಯವನ್ನು ಹುಡುಕುವಾಗ ಇಡೀ ರಿಜಿಸ್ಟ್ರಿಯನ್ನು ಮೊದಲಿನಿಂದ ಓದುತ್ತ ಹೋಗುವುದಿಲ್ಲ. ಹೆಸರಿನ ಜಾಡು ಹಿಡಿದು ಬೇಕಾದ ಕವಲಿಗೇ ಹೋಗುತ್ತದೆ. ಪಹಣಿಯಲ್ಲಿ ಹಳೆಯ ಷರಾ ಒಂದು ಉಳಿದ ಮಾತ್ರಕ್ಕೆ ಹೊಲದ ಇಳುವರಿ ಕುಸಿಯದು.

ರಿಜಿಸ್ಟ್ರಿ ಸ್ವಚ್ಛಗೊಳಿಸುವ ತಂತ್ರಾಂಶಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲವೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಸ್ಪಷ್ಟಪಡಿಸಿದೆ. ಒಂದು ಕಾಲಕ್ಕೆ ಅದೇ ಸಂಸ್ಥೆ ‘ರೆಗ್‌ಕ್ಲೀನ್’ ಎಂಬ ಸಾಧನವನ್ನು ನೀಡಿ, ಬಳಿಕ ಹಿಂತೆಗೆದುಕೊಂಡಿತ್ತು.

ಈ ಕ್ಷೇತ್ರದಲ್ಲಿ ಮೋಸವೂ ನಡೆದಿದೆ. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಅಟಾರ್ನಿ ಜನರಲ್ ‘ರಿಜಿಸ್ಟ್ರಿ ಕ್ಲೀನರ್ ಎಕ್ಸ್‌ಪಿ’ ಎಂಬ ತಂತ್ರಾಂಶದ ಮಾರಾಟಗಾರರ ವಿರುದ್ಧ ಮೊಕದ್ದಮೆ ಹೂಡಿದರು. ಪರದೆಯ ಮೇಲೆ ಭೀತಿ ಹುಟ್ಟಿಸುವ ಎಚ್ಚರಿಕೆಗಳನ್ನು ಮೂಡಿಸಿ ಹಣ ಕೀಳಲಾಗುತ್ತಿತ್ತೆಂಬುದು ಆರೋಪ. ಹೆಸರುವಾಸಿ ತಂತ್ರಾಂಶಗಳೂ ಅಪಾಯದಿಂದ ಹೊರತಾಗಿಲ್ಲ. 2017ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ‘ಸಿಕ್ಲೀನರ್’ 5.33ನೇ ಆವೃತ್ತಿಯೊಳಗೆ ದುಷ್ಕರ್ಮಿಗಳು ಕುತಂತ್ರಾಂಶ ಸೇರಿಸಿದ್ದು ಮರು ತಿಂಗಳು ಬೆಳಕಿಗೆ ಬಂತು. ಅಷ್ಟರಲ್ಲಿ ಅದು ಸುಮಾರು 22 ಲಕ್ಷ ಗಣಕಗಳನ್ನು ತಲುಪಿತ್ತು. ಅದನ್ನು ತಯಾರಕರ ಅಧಿಕೃತ ತಾಣದಿಂದಲೇ ಪಡೆದವರೂ ತೊಂದರೆಗೊಳಗಾದರು.

ಕೈಯಲ್ಲೇ ಇರುವ ಸಾಧನ

ರಿಜಿಸ್ಟ್ರಿ ತಿದ್ದಲು ಮೊದಲ ಉಚಿತ ತಂತ್ರಾಂಶವನ್ನು ಎಲ್ಲಿಂದಲೂ ತರಬೇಕಾಗಿಲ್ಲ. ವಿಂಡೋಸ್ ಜೊತೆಯಲ್ಲಿಯೇ ಬರುವ ‘ರೆಜ್‌ಎಡಿಟ್’ ಸಾಕಷ್ಟು ಸಮರ್ಥವಾಗಿದೆ. ಆದರೆ ಅದರ ಎರಡು ಮಿತಿಗಳು ಗಮನದಲ್ಲಿರಬೇಕು. ಅದರಲ್ಲಿ ‘ಸೇವ್’ ಎಂಬ ಗುಂಡಿಯಿಲ್ಲ. ಮೌಲ್ಯವೊಂದನ್ನು ಬದಲಿಸಿ ‘ಓಕೆ’ ಒತ್ತಿದ ಕೂಡಲೇ ಬದಲಾವಣೆ ದಾಖಲಾಗಿಬಿಡುತ್ತದೆ. ಮಾಡಿದ್ದನ್ನು ಹಿಂತೆಗೆಯುವ ‘ಅನ್‌ಡೂ’ ಸೌಲಭ್ಯವೂ ಇಲ್ಲ.

ಹೀಗಾಗಿ ತಿದ್ದುವ ಮುನ್ನ ಎರಡು ಕೆಲಸ ಮಾಡಬೇಕು. ಮೊದಲನೆಯದು, ತಿದ್ದಬೇಕಾದ ಕವಲನ್ನು ಆರಿಸಿ ‘ಫೈಲ್’ ಪಟ್ಟಿಯ ‘ಎಕ್ಸ್‌ಪೋರ್ಟ್’ ಮೂಲಕ ಅದರ ಪ್ರತಿ ತೆಗೆದಿಡುವುದು. ಎರಡನೆಯದು, ‘ಸಿಸ್ಟಂ ರಿಸ್ಟೋರ್’ ಮೂಲಕ ಮರಳುವ ಬಿಂದುವೊಂದನ್ನು ಸೃಷ್ಟಿಸುವುದು. ವಿಂಡೋಸ್ 10 ಮತ್ತು 11ರ ಅನೇಕ ಗಣಕಗಳಲ್ಲಿ ‘ಸಿಸ್ಟಂ ಪ್ರೊಟೆಕ್ಷನ್’ ನಿಷ್ಕ್ರಿಯವಾಗಿರುತ್ತದೆ. ಅದನ್ನು ಮೊದಲೇ ಚಾಲೂ ಮಾಡಿಕೊಳ್ಳಬೇಕು. ಹಿಂದೆ ವಿಂಡೋಸ್ ತಾನಾಗಿಯೇ ರಿಜಿಸ್ಟ್ರಿಯ ನಕಲನ್ನು ‘ರೆಗ್‌ಬ್ಯಾಕ್’ ಎಂಬ ಕಡತಕೋಶದಲ್ಲಿ ಇಡುತ್ತಿತ್ತು. 2018ರ 1803ನೇ ಆವೃತ್ತಿಯಿಂದ ಆ ಪದ್ಧತಿ ನಿಂತಿದೆ. ನಕಲು ಇದ್ದೇ ಇರುತ್ತದೆಂಬ ಹಳೆಯ ನಂಬಿಕೆ ಈಗ ಅಪಾಯಕಾರಿ.

ಎಕ್ಸ್‌ಪೋರ್ಟ್ ಮಾಡಿದ ಪ್ರತಿಯನ್ನು ಮರಳಿ ಸೇರಿಸಿದಾಗ ಹಳೆಯ ಮೌಲ್ಯಗಳು ಬರುತ್ತವೆ. ನಡುವೆ ಹೊಸದಾಗಿ ಸೇರಿಸಿದ ಮೌಲ್ಯಗಳು ಮಾತ್ರ ತಾವಾಗಿ ಅಳಿಯುವುದಿಲ್ಲ. ಏನನ್ನು ಸೇರಿಸಲಾಯಿತು ಎಂಬುದನ್ನು ಕಾಗದದ ಮೇಲೆ ಬರೆದಿಡುವುದು ಇದೇ ಕಾರಣಕ್ಕೆ.

ನಂಬಬಹುದಾದ ಕೆಲವು

ರೆಜ್‌ಎಡಿಟ್‌ನ ಕೊರತೆಗಳನ್ನು ತುಂಬುವ ಕೆಲವು ಉಚಿತ ತಂತ್ರಾಂಶಗಳಿವೆ. ‘ಸಿಸ್‌ಇಂಟರ್ನಲ್ಸ್’ ಬಳಗದ ‘ಆಟೋರನ್ಸ್’ ಅವುಗಳಲ್ಲಿ ಮುಖ್ಯವಾದುದು. 2006ರಿಂದ ಈ ಬಳಗ ಮೈಕ್ರೋಸಾಫ್ಟ್‌ಗೆ ಸೇರಿದೆ. ಗಣಕ ಚಾಲೂ ಆಗುವಾಗ ತಾವಾಗಿ ಓಡುವ ತಂತ್ರಾಂಶಗಳನ್ನೆಲ್ಲ ಆಟೋರನ್ಸ್ ಪಟ್ಟಿ ಮಾಡುತ್ತದೆ. ಬೇಡವಾದುದರ ಮುಂದಿನ ಗುರುತು ತೆಗೆದರೆ ಅದು ನಿಷ್ಕ್ರಿಯವಾಗುತ್ತದೆ, ಅಳಿಯುವುದಿಲ್ಲ. ಗುರುತು ಮತ್ತೆ ಹಾಕಿದರೆ ಮೊದಲಿನ ಸ್ಥಿತಿಗೆ ಬರುತ್ತದೆ. ಗಣಕ ಏಳಲು ತಡವಾಗುತ್ತಿದೆ ಎನ್ನುವವರಿಗೆ ಸ್ವಚ್ಛತಾ ತಂತ್ರಾಂಶಕ್ಕಿಂತ ಇದು ಮೇಲು.

ಪಾವೆಲ್ ಯೊಸಿಫೊವಿಚ್ ರೂಪಿಸಿದ ‘ರಿಜಿಸ್ಟ್ರಿ ಎಕ್ಸ್‌ಪ್ಲೋರರ್’ ಮೂಲಸಂಕೇತ ಬಹಿರಂಗವಾಗಿರುವ ತಂತ್ರಾಂಶ. ರೆಜ್‌ಎಡಿಟ್‌ನಲ್ಲಿಲ್ಲದ ಅನ್‌ಡೂ ಸೌಲಭ್ಯ ಇದರಲ್ಲಿದೆ. ನಿರ್‌ಸಾಫ್ಟ್‌ನ ‘ರೆಗ್‌ಸ್ಕ್ಯಾನರ್’ ಹುಡುಕಾಟಕ್ಕೆ ಉಪಯುಕ್ತ. ಹುಡುಕಿದ ಪದ ಎಲ್ಲೆಲ್ಲಿದೆ ಎಂಬುದನ್ನು ಒಂದೇ ಪಟ್ಟಿಯಲ್ಲಿ ತೋರಿಸುತ್ತದೆ. ಹಳೆಯ ಲೇಖನಗಳಲ್ಲಿ ಹೆಚ್ಚಾಗಿ ಶಿಫಾರಸಾಗಿರುವ ‘ಇರಂಟ್’ ವಿಂಡೋಸ್ ಎಕ್ಸ್‌ಪಿ ಕಾಲದ ಸಾಧನ. ಇಂದಿನ ಗಣಕಗಳಿಗೆ ಅದನ್ನು ನೆಚ್ಚಿಕೊಳ್ಳಬಾರದು.

ಆಯ್ಕೆಗೆ ಆರು ಪ್ರಶ್ನೆಗಳು

ಹೊಸ ತಂತ್ರಾಂಶ ಎದುರಾದಾಗ ಈ ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು.

1. ತಯಾರಿಸಿದವರು ಯಾರೆಂಬುದು ಸ್ಪಷ್ಟವಾಗಿದೆಯೆ? ಅವರದೇ ತಾಣದಿಂದ ದೊರೆಯುತ್ತಿದೆಯೆ? ಪೆನ್ ಡ್ರೈವ್‌ನಲ್ಲಿ ಕೈಯಿಂದ ಕೈಗೆ ಬಂದ ಪ್ರತಿ ಬೇಡ.

2. ಬದಲಾವಣೆಗೆ ಮುನ್ನ ಪ್ರತಿ ತೆಗೆದಿಡುತ್ತದೆಯೆ, ಅಥವಾ ಹಿಂತೆಗೆಯಲು ಅವಕಾಶ ನೀಡುತ್ತದೆಯೆ?

3. ಏನನ್ನು ಬದಲಿಸಲಿದೆ ಎಂಬುದನ್ನು ಒಂದೊಂದಾಗಿ ತೋರಿಸಿ ಅನುಮತಿ ಕೇಳುತ್ತದೆಯೆ? ನೂರಾರು ‘ದೋಷ’ಗಳನ್ನು ಒಮ್ಮೆಗೇ ಸರಿಪಡಿಸುತ್ತೇನೆ ಎನ್ನುವುದು ಎಚ್ಚರಿಕೆಯ ಗಂಟೆ.

4. ‘ಉಚಿತ’ ಎಂದರೆ ಯಾವ ಅರ್ಥದಲ್ಲಿ? ತಪಾಸಣೆ ಉಚಿತ, ದುರಸ್ತಿಗೆ ಹಣ ಎನ್ನುವವು ಉಚಿತವಲ್ಲ. ಹಣ ಕೇಳದ ತಂತ್ರಾಂಶಗಳಲ್ಲಿಯೂ ಮೂಲಸಂಕೇತ ಬಹಿರಂಗವಾಗಿರುವವು ಕೆಲವು ಮಾತ್ರ.

5. ಅನುಸ್ಥಾಪನೆಯ ವೇಳೆ ಬೇರೆ ತಂತ್ರಾಂಶಗಳನ್ನು ನುಸುಳಿಸುತ್ತದೆಯೆ?

6. ಬಳಸುತ್ತಿರುವ ವಿಂಡೋಸ್ ಆವೃತ್ತಿಗೆ ಹೊಂದುತ್ತದೆಯೆ?

ಎರಡನೆಯ ಮತ್ತು ಮೂರನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಉಳಿದವುಗಳನ್ನು ಕೇಳುವ ಅಗತ್ಯವೇ ಇಲ್ಲ.

ತಿದ್ದಲೇಬೇಕೆ?

ರಿಜಿಸ್ಟ್ರಿಗೆ ಕೈಹಾಕುವ ಅನೇಕ ಸಂದರ್ಭಗಳಲ್ಲಿ ಅದರ ಅಗತ್ಯವೇ ಇರುವುದಿಲ್ಲ. ಕನ್ನಡ ಕೀಲಿಮಣೆಯದೇ ಉದಾಹರಣೆ ತೆಗೆದುಕೊಳ್ಳಬಹುದು. ಕರೆಂಟ್ ಯೂಸರ್ ವಿಭಾಗದ ‘ಕೀಬೋರ್ಡ್ ಲೇಔಟ್’ ಕವಲಿನಲ್ಲಿ ‘ಪ್ರಿಲೋಡ್’ ಎಂಬ ಉಪಕವಲಿದೆ. ಯಾವ ಕೀಲಿಮಣೆ ಮೊದಲು ಬರಬೇಕೆಂಬುದು ಅಲ್ಲಿ ಸಂಕೇತಗಳಲ್ಲಿ ದಾಖಲಾಗಿರುತ್ತದೆ. ಕನ್ನಡದ ಸಂಕೇತ 0000044ಬಿ. ಇದನ್ನು ಕೈಯಾರೆ ಬದಲಿಸಿ ಎಂದು ಸೂಚಿಸುವವರುಂಟು. ಆದರೆ ‘ಸೆಟ್ಟಿಂಗ್ಸ್’ನ ಭಾಷಾ ಪುಟದಲ್ಲಿ ಅದೇ ಕೆಲಸ ಅಪಾಯವಿಲ್ಲದೆ ಆಗುತ್ತದೆ.

‘ಈ ಕಡತದ ಮೇಲೆ ಎರಡು ಬಾರಿ ಕ್ಲಿಕ್ಕಿಸಿ’ ಎಂದು ಯಾರೋ ಕಳುಹಿಸುವ ‘ಡಾಟ್ ರೆಗ್’ ಕಡತಗಳ ಬಗೆಗೂ ಎಚ್ಚರಬೇಕು. ಅವು ಸಾಮಾನ್ಯ ಪಠ್ಯ ಕಡತಗಳು. ಮೊದಲು ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಅರ್ಥವಾಗದ ಸಾಲಿದ್ದರೆ ಬಿಟ್ಟುಬಿಡುವುದೇ ಜಾಣತನ.

ಬೇಸಿಗೆಯಲ್ಲಿ ವಿದ್ಯುತ್ ಕೈಕೊಡುವ ಊರುಗಳಲ್ಲಿ ಇನ್ನೊಂದು ಮಾತನ್ನು ಮರೆಯಬಾರದು. ಗಣಕ ದತ್ತಾಂಶ ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ರಿಜಿಸ್ಟ್ರಿಯ ಕಡತಗಳಿಗೆ ಹಾನಿಯಾಗುವ ಸಂಭವವಿದೆ. ಎಕ್ಸ್‌ಪಿ ಕಾಲದಲ್ಲಿ ‘ಸಿಸ್ಟಂ’ ಕಡತ ಕಾಣೆಯಾಗಿದೆ ಅಥವಾ ಕೆಟ್ಟಿದೆ ಎಂಬ ಸಂದೇಶ ಕಂಡು ಕಂಗೆಟ್ಟವರು ಅನೇಕರು. ನಂತರದ ಆವೃತ್ತಿಗಳಲ್ಲಿ ರಕ್ಷಣೆ ಬಲಗೊಂಡಿದೆಯಾದರೂ ಯುಪಿಎಸ್ ಇಲ್ಲದ ಗಣಕದಲ್ಲಿ ರಿಜಿಸ್ಟ್ರಿ ತಿದ್ದುವ ಸಾಹಸ ಬೇಡ. ಅಂತೆಯೇ ಅರ್ಜಿಗಳ ಕೊನೆಯ ದಿನಾಂಕ ಹತ್ತಿರವಿರುವಾಗ ಇಂತಹ ಕೆಲಸವನ್ನು ಮುಂದೂಡುವುದು ಲೇಸು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ಹಳೆಯ ಗಣಕವನ್ನು ಹೇಗಾದರೂ ಇನ್ನಷ್ಟು ದಿನ ಓಡಿಸುವ ಆಸೆಯಿಂದ ವೇಗವರ್ಧಕ ತಂತ್ರಾಂಶಗಳತ್ತ ಹೊರಳುವವರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ನಿಧಾನಗತಿಗೆ ಕಾರಣ ಕಡಿಮೆ ಸ್ಮೃತಿಕೋಶವೋ ಹಳೆಯ ಹಾರ್ಡ್ ಡಿಸ್ಕೋ ಆಗಿದ್ದರೆ ರಿಜಿಸ್ಟ್ರಿಯ ಯಾವ ತಿದ್ದುಪಡಿಯೂ ಅದನ್ನು ನೀಗಿಸಲಾರದು. ಒಂದು ಎಸ್‌ಎಸ್‌ಡಿ ಹಾಕಿಸಿದರೆ ಹತ್ತು ಸ್ವಚ್ಛತಾ ತಂತ್ರಾಂಶಗಳಿಂದಾಗದ ಕೆಲಸ ಆಗುತ್ತದೆ.

ಒಟ್ಟಿನಲ್ಲಿ, ತಂತ್ರಾಂಶ ಉಚಿತವೋ ದುಬಾರಿಯೋ ಎಂಬುದು ಎರಡನೆಯ ಮಾತು. ತಪ್ಪಾದರೆ ಮೊದಲಿನ ಸ್ಥಿತಿಗೆ ಮರಳಲು ದಾರಿ ಇದೆಯೇ ಎಂಬುದೇ ಮೊದಲ ಮಾತು. ಆ ದಾರಿ ಖಚಿತವಾದ ಮೇಲಷ್ಟೇ ರಿಜಿಸ್ಟ್ರಿಯ ಬಾಗಿಲು ತೆರೆಯಬೇಕು.