ವಾದವು ಹೇಳದೆ ನಂಬಿರುವುದು

ಯಾವುದೇ ವಾದದಲ್ಲಿ ಮೇಲ್ನೋಟಕ್ಕೆ ಕಾಣುವ ಭಾಗಗಳು ಎರಡು: ಕಾರಣವಾಗಿ ಮುಂದಿಡುವ ಆಧಾರವಾಕ್ಯಗಳು ಮತ್ತು ಅವುಗಳ ಬಲದಿಂದ ಹೊರಡುವ ತೀರ್ಮಾನ. ಇವೆರಡರ ನಡುವೆ, ವಾದಿಯು ಬಾಯಿಬಿಟ್ಟು ಹೇಳದಿದ್ದರೂ ನಿಜವೆಂದು ಹಿಡಿದುಕೊಂಡೇ ಸಾಗುವ ಸಂಗತಿಯನ್ನು ಗೃಹೀತ ಎನ್ನಬಹುದು. ಅದು ಸುಳ್ಳಾದರೆ ಆಧಾರದಿಂದ ತೀರ್ಮಾನಕ್ಕೆ ಹೋಗುವ ದಾರಿಯೇ ಕಡಿದುಹೋಗುವಂತಿದ್ದಾಗ ಅದು ಅಗತ್ಯ ಗೃಹೀತವೆನಿಸುತ್ತದೆ.

ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶಕ್ಕಾಗಿ 1948ರಿಂದ ನಡೆಯುತ್ತಿರುವ ಎಲ್‌ಸ್ಯಾಟ್ ಪರೀಕ್ಷೆಯಲ್ಲಿ ಇಂತಹ ಗೃಹೀತವನ್ನು ಗುರುತಿಸುವ ಪ್ರಶ್ನೆಗಳಿಗೆ ಪ್ರಾಮುಖ್ಯವಿದ್ದು, 2024ರ ಆಗಸ್ಟ್‌ನಲ್ಲಿ ಒಗಟಿನ ಮಾದರಿಯ ವಿಶ್ಲೇಷಣಾ ವಿಭಾಗವನ್ನು ಕೈಬಿಟ್ಟು, ಅಂಕಗಳಿಗೆ ಪರಿಗಣಿಸುವ ತಾರ್ಕಿಕ ವಿಭಾಗಗಳನ್ನು ಒಂದರಿಂದ ಎರಡಕ್ಕೆ ಏರಿಸಿದ ಮೇಲೆ ಅವುಗಳ ತೂಕ ಇನ್ನಷ್ಟು ಹೆಚ್ಚಿದೆ. ಭಾರತದಲ್ಲಿ 2011ರಿಂದ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಯ ಭಾಗವಾಗಿರುವ ಸಿಸ್ಯಾಟ್ ಪತ್ರಿಕೆಯಲ್ಲಿಯೂ ಗದ್ಯಭಾಗವೊಂದನ್ನು ಕೊಟ್ಟು ಅದರ ಹಿಂದಿರುವ ಗೃಹೀತಗಳನ್ನು ಕೇಳುವ ರೂಢಿಯಿದೆ.

ಪ್ರಶ್ನೆಯ ಸ್ವರೂಪವನ್ನು ಒಂದು ಕಲ್ಪಿತ ವಾದದಿಂದ ವಿವರಿಸಬಹುದು. ‘ತಾಲ್ಲೂಕೊಂದರ ರೈತರು ಹನಿ ನೀರಾವರಿಗೆ ಬದಲಾದ ನಂತರ ಅಲ್ಲಿನ ಕೊಳವೆಬಾವಿಗಳ ನೀರಿನ ಮಟ್ಟ ಏರಿದೆ, ಆದ್ದರಿಂದ ಈ ಏರಿಕೆಗೆ ಹನಿ ನೀರಾವರಿಯ ಕೊಡುಗೆಯಿದೆ’ ಎಂಬುದು ವಾದ. ಉತ್ತರದ ಆಯ್ಕೆಗಳು ಮೂರು: ತಾಲ್ಲೂಕಿನ ಎಲ್ಲ ರೈತರೂ ಹನಿ ನೀರಾವರಿಯನ್ನು ಅಳವಡಿಸಿಕೊಂಡಿದ್ದಾರೆ, ನೀರಿನ ಮಟ್ಟವನ್ನು ಏರಿಸಬಲ್ಲದ್ದು ಹನಿ ನೀರಾವರಿ ಮಾತ್ರ, ಏರಿಕೆಯು ಸಂಪೂರ್ಣವಾಗಿ ಆ ಅವಧಿಯ ಉತ್ತಮ ಮಳೆಯಿಂದಲೇ ಆದದ್ದಲ್ಲ.

ಇಲ್ಲಿ ನೆರವಿಗೆ ಬರುವುದು ನಿರಾಕರಣ ಪರೀಕ್ಷೆ, ಅಂದರೆ ಪ್ರತಿಯೊಂದು ಆಯ್ಕೆಯನ್ನೂ ಅಲ್ಲಗಳೆದು, ಆಮೇಲೂ ವಾದ ಉಳಿಯುತ್ತದೆಯೇ ಎಂದು ನೋಡುವ ವಿಧಾನ. ‘ಎಲ್ಲರೂ’ ಎಂಬುದರ ನಿರಾಕರಣೆ ‘ಯಾರೂ ಇಲ್ಲ’ ಎಂದಲ್ಲ, ‘ಎಲ್ಲರೂ ಅಲ್ಲ’ ಎಂದಷ್ಟೇ. ಒಬ್ಬಿಬ್ಬರು ರೈತರು ಹಳೆಯ ಪದ್ಧತಿಯಲ್ಲೇ ಉಳಿದಿದ್ದರೂ ತೀರ್ಮಾನಕ್ಕೆ ಧಕ್ಕೆಯಾಗದ ಕಾರಣ ಮೊದಲ ಆಯ್ಕೆ ಬಿದ್ದುಹೋಗುತ್ತದೆ. ನೀರಿನ ಮಟ್ಟವನ್ನು ಕೆರೆಗಳ ಹೂಳೆತ್ತುವುದರಿಂದಲೂ ಏರಿಸಬಹುದೆಂದು ಒಪ್ಪಿದರೂ ಹನಿ ನೀರಾವರಿಯ ಕೊಡುಗೆ ಅಳಿಯುವುದಿಲ್ಲವಾದ್ದರಿಂದ ಎರಡನೆಯದೂ ಅನಗತ್ಯ. ಆದರೆ ಏರಿಕೆಗೆಲ್ಲ ಮಳೆಯೊಂದೇ ಕಾರಣವೆಂದಾದರೆ ತೀರ್ಮಾನ ನಿಲ್ಲಲಾರದು. ಹೀಗಾಗಿ ಮೂರನೆಯದೇ ಅಗತ್ಯ ಗೃಹೀತ.

ಅಭ್ಯರ್ಥಿಗಳು ಹೆಚ್ಚಾಗಿ ಎಡವುವುದು ಎರಡನೆಯ ಆಯ್ಕೆಯಲ್ಲಿ, ಏಕೆಂದರೆ ಅದನ್ನು ಒಪ್ಪಿದರೆ ತೀರ್ಮಾನವು ಪೂರ್ತಿಯಾಗಿ ಸಿದ್ಧವಾಗುತ್ತದೆ. ಹೀಗೆ ತೀರ್ಮಾನವನ್ನು ಸಾಧಿಸಿಕೊಡುವ ಗೃಹೀತವನ್ನು ಪರ್ಯಾಪ್ತ ಗೃಹೀತವೆಂದು ಕರೆಯಬಹುದು. ವಾದಕ್ಕೆ ಅದು ಸಾಕಾಗುತ್ತದೆ, ಆದರೆ ಅದು ಇರಲೇಬೇಕೆಂದಿಲ್ಲ. ‘ಮಾತ್ರ’, ‘ಎಲ್ಲ’, ‘ಎಂದಿಗೂ’ ಮುಂತಾದ ಬಿಗಿಯಾದ ಮಾತುಗಳು ವಾದಕ್ಕೆ ಬೇಕಾದುದಕ್ಕಿಂತ ಹೆಚ್ಚನ್ನು ಹೇಳುವ ಸಂಭವವಿರುವುದರಿಂದ, ಅಗತ್ಯ ಗೃಹೀತವು ಅನೇಕ ವೇಳೆ ಸಪ್ಪೆಯಾಗಿ ಕಾಣುವ, ಕಡಿಮೆ ಹೇಳುವ ವಾಕ್ಯದಲ್ಲಿಯೇ ಇರುತ್ತದೆ.

ಭಾರತೀಯ ದರ್ಶನಗಳಲ್ಲಿ ಈ ಬಗೆಯ ಚಿಂತನೆಗೆ ಹತ್ತಿರವಾದುದು ಮೀಮಾಂಸಕರ ಅರ್ಥಾಪತ್ತಿ. ದೇವದತ್ತನು ದಪ್ಪಗಿದ್ದಾನೆ, ಹಗಲಿನಲ್ಲಿ ಉಣ್ಣುವುದಿಲ್ಲ ಎಂದಾದರೆ ಅವನು ರಾತ್ರಿ ಉಣ್ಣುತ್ತಾನೆಂದು ಒಪ್ಪಬೇಕಾಗುತ್ತದೆ, ಇಲ್ಲವಾದರೆ ಕಂಡ ಸಂಗತಿಗೆ ಉಪಪತ್ತಿಯೇ ಇರುವುದಿಲ್ಲ. ಕುಮಾರಿಲ ಮತ್ತು ಪ್ರಭಾಕರರ ಪಂಥಗಳೆರಡೂ ಇದನ್ನು ಸ್ವತಂತ್ರ ಪ್ರಮಾಣವೆಂದು ಒಪ್ಪಿದರೆ, ನೈಯಾಯಿಕರು ಅನುಮಾನದಲ್ಲಿಯೇ ಅಡಗಿಸಿದರು. ಆದರೂ ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ: ದೇವದತ್ತನ ದಪ್ಪ ಕಣ್ಣಾರೆ ಕಂಡದ್ದು, ಆದ್ದರಿಂದ ಅದರಿಂದ ಸಿದ್ಧವಾಗುವ ರಾತ್ರಿಯೂಟವೂ ನಿಜ; ಪರೀಕ್ಷೆಯ ವಾದದಲ್ಲಾದರೋ ತೀರ್ಮಾನವು ಇನ್ನೂ ಬರಿಯ ಹೇಳಿಕೆಯಾಗಿದ್ದು, ಅದರ ಹಿಂದಿನ ಗೃಹೀತವು ವಾದಿಯು ಹೊತ್ತಿರುವ ಹೊಣೆಯೇ ಹೊರತು ಸಿದ್ಧಸತ್ಯವಲ್ಲ. ಅದನ್ನು ಗುರುತಿಸಿದವನು ವಾದವನ್ನು ಒಪ್ಪಿದಂತೆಯೂ ಅಲ್ಲ, ತಳ್ಳಿಹಾಕಿದಂತೆಯೂ ಅಲ್ಲ. ಒಪ್ಪುವ ಮುನ್ನ ಯಾವುದನ್ನು ವಿಚಾರಿಸಬೇಕೆಂಬುದು ಮಾತ್ರ ಅವನಿಗೆ ಆಗ ಸ್ಪಷ್ಟವಾಗುತ್ತದೆ.